ಭಯ ಇದೆಯಾ ಅಂತ ಕೇಳಿದರೆ ಸಾಲದು

ಮೈಸೂರಿನ ಕುವೆಂಪುನಗರದಲ್ಲಿ ಮನೆಮನೆಗೆ ಹೋಗಿ, ಕಳ್ಳತನ, ಸರಗಳ್ಳತನದ ಬಗ್ಗೆ ಜನರಿಗೆ ಎಷ್ಟು ಭಯವಿದೆ ಎಂದು ತಿಳಿಯುವ ಸಮೀಕ್ಷೆಗೆ ಪ್ರಶ್ನೆಗಳನ್ನು ಬರೆದವಳು ನಾನು. ಇಂಥ ಸಮೀಕ್ಷೆಗಳಲ್ಲಿ ಎಲ್ಲರೂ ಬಳಸುವ ಹಳೆಯ ಪ್ರಶ್ನೆಯೊಂದಿದೆ: ಕತ್ತಲಾದ ಮೇಲೆ ನಿಮ್ಮ ಬಡಾವಣೆಯಲ್ಲಿ ಒಬ್ಬರೇ ಓಡಾಡುವುದು ಎಷ್ಟು ಸುರಕ್ಷಿತ ಅನ್ನಿಸುತ್ತದೆ? ಅದರಲ್ಲಿ ಅಪರಾಧದ ಮಾತೇ ಇಲ್ಲ ಎಂದು ಫೆರಾರೊ ಮತ್ತು ಲಾಗ್ರೇಂಜ್ ಎಂಬ ಸಂಶೋಧಕರು 1987ರಲ್ಲೇ ತೋರಿಸಿಕೊಟ್ಟಿದ್ದರು. ನಮ್ಮಲ್ಲಂತೂ ಬೀದಿನಾಯಿ, ಕೆಟ್ಟುನಿಂತ ದೀಪ, ಮುಚ್ಚಳವಿಲ್ಲದ ಚರಂಡಿ ಎಲ್ಲವೂ ಆ ಒಂದೇ ಉತ್ತರದೊಳಗೆ ಸೇರಿಕೊಳ್ಳುತ್ತವೆ.

ಅದಕ್ಕೇ ಮೂರು ವಿಷಯಗಳನ್ನು ಬಿಡಿಸಿ ಕೇಳಿದೆ. ಬರುವ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಕಳ್ಳತನ ಆಗಬಹುದು ಅನ್ನಿಸುತ್ತದೆಯೇ? ಕಳೆದ ವರ್ಷ ಅದನ್ನು ನೆನೆದು ದಿಗಿಲಾಗಿದ್ದು ಉಂಟೇ, ಉಂಟಾದರೆ ಎಷ್ಟು ಸಲ? ಆ ಭಯಕ್ಕೆ ಏನೇನು ಬದಲಾಯಿಸಿಕೊಂಡಿರಿ?

ಒಬ್ಬ ಗೃಹಿಣಿ ಗೇಟಿನ ಹತ್ತಿರವೇ ನಿಂತು, "ನಮ್ಮ ಏರಿಯಾದಲ್ಲಿ ಅಂಥದ್ದೇನಿಲ್ಲಮ್ಮ, ಭಯ ಯಾಕೆ?" ಅಂದರು. ಮೂರನೆಯ ಪ್ರಶ್ನೆಗೆ ಬಂದಾಗ ಅವರ ಕೈ ಕತ್ತಿನ ಕಡೆ ಹೋಯಿತು. "ಹಿಂದಿನಿಂದ ಬೈಕ್ ಸದ್ದಾದ್ರೆ ಸೆರಗು ಹೊದ್ಕೋತೀನಿ. ಲಿಂಗಾಂಬುಧಿ ಕೆರೆಗೆ ವಾಕಿಂಗ್ ಹೋಗುವಾಗ ಚಿನ್ನದ ಸರ ಬೀರುವಲ್ಲಿಟ್ಟು ರೋಲ್ಡ್ ಗೋಲ್ಡ್ ಹಾಕ್ಕೋತೀನಿ, ಅಷ್ಟೇ." ಮೊದಲ ಉತ್ತರಕ್ಕೆ ಟಿಕ್ ಹಾಕಿ ಹೊರಟಿದ್ದರೆ ಆ ಬೀರುವಿನ ಸರ ನನ್ನ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಇದರ ತಿರುವುಮುರುವೂ ಉಂಟು. "ಅಯ್ಯೋ, ತುಂಬಾ ಭಯ" ಎಂದವರು, ಕೊನೆಯ ಸಲ ಹೆದರಿದ್ದು ಯಾವಾಗ ಎಂದರೆ ಯೋಚಿಸಿ, ಟಿವಿಯಲ್ಲಿ ನೋಡಿದ್ದನ್ನು ಹೇಳುತ್ತಾರೆ. ಸ್ಟೀಫನ್ ಫ್ಯಾರಲ್ ಮೊದಲಾದ ಸಂಶೋಧಕರು ಎಷ್ಟು ಸಲ ಎಂದು ಕೇಳಿಯೇ ತೀರಬೇಕೆಂದು ವಾದಿಸಿದ್ದು ಇದಕ್ಕೇ. ಈ ಒಂದು ಪ್ರಶ್ನೆಯನ್ನು ನಾನು ಯಾವ ಕಾರಣಕ್ಕೂ ಬಿಡುವುದಿಲ್ಲ.

ಗಂಡಸರ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಹೆಂಡತಿ ಮಕ್ಕಳು ಪಕ್ಕದಲ್ಲಿದ್ದರೆ ಯಾರೂ ಹೆದರಿಕೆ ಒಪ್ಪಿಕೊಳ್ಳುವುದಿಲ್ಲ. ಅವರ ಹತ್ತಿರ "ಊರಿಗೆ ಹೋಗುವಾಗ ಮನೆಗೆ ಏನು ವ್ಯವಸ್ಥೆ ಮಾಡ್ತೀರಿ ಸರ್?" ಎಂದು ಶುರು ಮಾಡುತ್ತಿದ್ದೆ. ಎರಡನೇ ಬೀಗ, ರಾತ್ರಿಯೆಲ್ಲಾ ಉರಿಯುವ ವರಾಂಡದ ದೀಪ, ಪೇಪರ್ ಎತ್ತಿಡಲು ಪಕ್ಕದ ಮನೆಯವರಿಗೆ ಹೇಳಿಹೋಗುವುದು, ಎಲ್ಲವೂ ತಾನಾಗಿ ಬರುತ್ತಿತ್ತು.

ವರದಿ ಬರೆಯುವಾಗ, ಮೂರೂ ಉತ್ತರಗಳನ್ನು ಕೂಡಿಸಿ ಬಡಾವಣೆಗೊಂದು ಅಂಕ ಕೊಡಿ ಎಂದು ಸಮೀಕ್ಷೆ ಮಾಡಿಸಿದವರು ಕೇಳಿದರು. ನಾನು ಕೊಡಲಿಲ್ಲ. ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ, ಯಾರು ಓಡಾಟ ಬಿಟ್ಟಿದ್ದಾರೆ ಎಂಬ ಪಟ್ಟಿಯನ್ನು ಮೊದಲ ಪುಟದಲ್ಲೇ ಇಟ್ಟೆ. ದೀಪ ಎಲ್ಲಿ ಹಾಕಿಸಬೇಕು, ಗಸ್ತು ಎಲ್ಲಿಗೆ ಬೇಕು ಎಂದು ತೀರ್ಮಾನಿಸುವವರಿಗೆ ಬೇಕಾದದ್ದು ಅದೇ.