ಆರು ಸುತ್ತು ಕೊಯ್ದ ಮೇಲೆ ಗಟ್ಟಿಯಾದ ಫೋರ್ಕ್

ಬೈಕಿನ ಫೋರ್ಕಿನೊಳಗಿನ ಸ್ಪ್ರಿಂಗ್ ಕೊಯ್ದು ಗಿಡ್ಡ ಮಾಡಿದರೆ ಮೆತ್ತಗಾಗುವುದಿಲ್ಲ, ಗಟ್ಟಿಯಾಗುತ್ತದೆ. ಇದನ್ನು ಗ್ಯಾರೇಜಿನಲ್ಲಿ ನಿಂತು ಹೇಳಿದ ದಿನ ಮೆಕ್ಯಾನಿಕ್ ಚಾಚಾ ಪಾನಾ ಕೆಳಗಿಟ್ಟು ನಕ್ಕರು. "ಹಂಗಾರ ಪೂರಾ ಕೊಯ್ದು ಒಗದ್ಬಿಡ್ರಿ ಸರ, ಕಬ್ಬಣದ ಸಲಾಕಿ ಆಗ್ತದ" ಅಂದರು. ಪಂಚರ್ ತಿದ್ದಿಸಲು ಬಂದು ಕೂತಿದ್ದ ಹುಡುಗನೂ ನಕ್ಕ. ಮೂರು ತಿಂಗಳಾದ ಮೇಲೆ ಅದೇ ಚಾಚಾ ಕೀಲಿ ಇಸಕೊಂಡು ನನ್ನ ಗಾಡಿಯನ್ನು ಉಣಕಲ್ ಕೆರೆ ತನಕ ಓಡಿಸಿ ಬಂದರು. ಅಲ್ಲಿಗೆ ಮುಟ್ಟುವುದರೊಳಗೆ ನಾನು ಕಳಕೊಂಡ ರೊಕ್ಕದ ಲೆಕ್ಕವೇ ಈ ಬರಹ.

ಗಾಡಿ ಯಮಹಾ ಆರ್‌ಎಕ್ಸ್ 100, 1991ರದ್ದು, ಸೋದರಮಾವನ ಕೈಯಿಂದ ಬಂದದ್ದು. ಇದನ್ನು ವಿಂಟೇಜ್ ಅಂದರೆ ಬುಲೆಟ್, ಯೆಜ್ಡಿ ಇಟ್ಟವರು ಮುಖ ತಿರುವುತ್ತಾರೆ. ತಯಾರಿ ನಿಂತದ್ದೇ 1996ರಲ್ಲಿ, ಇನ್ನೆಷ್ಟು ಹಳೆಯದಾಗಬೇಕಂತೆ? 98 ಸಿಸಿ, 11 ಹಾರ್ಸ್‌ಪವರ್, ಎಂಜಿನ್ ಬಗ್ಗೆ ಯಾರದೂ ತಕರಾರಿಲ್ಲ. ತಕರಾರೆಲ್ಲ ಫೋರ್ಕಿನದು, ಅಂದರೆ ಮುಂದಿನ ಗಾಲಿ ಹಿಡಿದ, ಒಳಗೆ ಸ್ಪ್ರಿಂಗ್ ಮತ್ತು ಎಣ್ಣೆ ಇರುವ ಎರಡು ಕಾಲುಗಳದ್ದು. ನಾನು 84 ಕಿಲೋ ಆಸಾಮಿ. ಹಿಂದೆ ಮನೆಯಾಕೆ, ನಡುವೆ ಒಂದು ಚೀಲ. ಮುಂದಿನ ಬ್ರೇಕ್ ಮುಟ್ಟಿದರೆ ಸಾಕು, ಗಾಡಿ ಸಾಷ್ಟಾಂಗ ಹಾಕುತ್ತಿತ್ತು.

ಹುಬ್ಬಳ್ಳಿಯೊಳಗೆ ಹೇಗೋ ನಡೆಯುತ್ತಿತ್ತು. ನಮ್ಮ ಹೊಲ ಇರುವುದು ಅಣ್ಣಿಗೇರಿ ಕಡೆ, ಮೂವತ್ತೈದು ಕಿಲೋಮೀಟರ್. ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಎಲ್ಲ ಎರಿ ಭೂಮಿ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆಅಲೆಯಾಗಿ ಕೂಡುತ್ತದೆ. ತಗ್ಗು ಕಣ್ಣಿಗೆ ಬೀಳುತ್ತದೆ, ಈ ಅಲೆ ಬೀಳುವುದಿಲ್ಲ. ಒಂದನ್ನು ಹತ್ತಿ ಇಳಿದು ಎರಡನೆಯದಕ್ಕೆ ಹೋಗುವಷ್ಟರಲ್ಲಿ ಫೋರ್ಕ್ ತಳಕ್ಕೆ ಬಡಿದು ಢಬ್ ಅನ್ನುತ್ತಿತ್ತು. ಆ ಏಟು ಹ್ಯಾಂಡಲ್ ಹಿಡಿದ ಕೈಯೊಳಗಿಂದ ಮೊಳಕೈಗೆ.

ಮೊದಲ ಖರ್ಚು ಎಲ್ಲರೂ ಮಾಡುವಂಥದ್ದೇ. ಎಣ್ಣೆ ಸೋರದ ಹಾಗೆ ಹಿಡಿಯುವ ಹೊಸ ಆಯಿಲ್ ಸೀಲ್ ಒಂದು ಜೋಡಿ, ಒಳಗೆ 20ಡಬ್ಲ್ಯು40 ಎಂಜಿನ್ ಆಯಿಲ್. ಕೂಲಿ ಹಿಡಿದು ಆರುನೂರರ ಆಸುಪಾಸು. ಬಿಚ್ಚಿದಾಗ ಒಂದು ಕಾಲಿನಿಂದ 90 ಎಂಎಲ್ ಕರಿ ನೀರು ಬಂತು, ಇನ್ನೊಂದರಿಂದ ಅದರ ಅರ್ಧವೂ ಇಲ್ಲ. ಹಾಗಾಗಿ ದಪ್ಪ ಎಣ್ಣೆ ಬಿದ್ದ ಮೇಲೆ ಎರಡು ದಿನ ಗಾಡಿ ಹೊಸದೇ ಅನಿಸಿತು. ಮೂರನೇ ದಿನ ತಿಳಿಯಿತು: ಎಣ್ಣೆ ದಪ್ಪವಾದರೆ ಫೋರ್ಕ್ ನಿಧಾನ ಕುಗ್ಗುತ್ತದೆ, ಕಮ್ಮಿ ಕುಗ್ಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಕುಗ್ಗಿದ್ದು ಮೇಲೇಳುವುದೂ ನಿಧಾನ. ಸಾಲಾಗಿ ನಾಲ್ಕು ಅಲೆ ಬಂದರೆ ಒಂದೊಂದಕ್ಕೂ ಇಷ್ಟಿಷ್ಟೇ ಕೆಳಗೆ ಕೂತು, ನಾಲ್ಕನೆಯದಕ್ಕೆ ಕುಗ್ಗಲು ಜಾಗವೇ ಇರುತ್ತಿರಲಿಲ್ಲ. ರೋಡ್ ಹಂಪಿನ ಅಂಚು ತಾಗಿದರೆ ಮಾತ್ರ ಫೋರ್ಕ್ ಕಲ್ಲಿನಷ್ಟು ಗಟ್ಟಿ.

ಆಮೇಲೆ 'ಹೆವಿ ಡ್ಯೂಟಿ' ಸ್ಪ್ರಿಂಗ್, ಜೋಡಿಗೆ 850. ಯಾವ ಅಂಗಡಿ ಅಂತ ಹೇಳುವುದಿಲ್ಲ. ಮನೆಗೆ ತಂದು ಬಾಗಿಲ ಹೊಸ್ತಿಲ ಮೇಲೆ ಎರಡನ್ನೂ ನಿಲ್ಲಿಸಿದರೆ ಒಂದು ಇನ್ನೊಂದಕ್ಕಿಂತ ನಾಲ್ಕು ಮಿ.ಮೀ. ಗಿಡ್ಡ. ವಾಪಸ್ ಒಯ್ದರೆ "ಪ್ಯಾಕೆಟ್ ಒಡದೀರಿ" ಅಂದರು. ಪ್ಯಾಕೆಟ್ ಒಡೆಯದೆ ಅಳೆಯುವುದು ಹೇಗೆ ಅಂತ ಕೇಳಿ ಬಂದೆ, ರೊಕ್ಕ ಬರಲಿಲ್ಲ. ಹಾಕಿಯೂ ನೋಡಿದೆ, ಗಟ್ಟಿ ಅನ್ನುವುದು ಪ್ಯಾಕೆಟ್ ಮೇಲಷ್ಟೇ ಇತ್ತು.

ಮೂರನೆಯದು ಹಳೇ ನಾಣ್ಯದ ಪ್ರಯೋಗ. ಸ್ಪ್ರಿಂಗ್ ಮೇಲೆ ರೂಪಾಯಿ ನಾಣ್ಯ ಪೇರಿಸಿ ಬೋಲ್ಟ್ ಬಿಗಿದರೆ ಸಾಕು ಅಂತ ಯೆಜ್ಡಿ ಇಟ್ಟ ಗೆಳೆಯ ಹೇಳಿದ್ದ. ಅವನ ಮೈಸೂರು ಗಾಡಿಯಲ್ಲಿ ನಡೆದಿರಬಹುದು. ನನ್ನದರಲ್ಲಿ ನಾಣ್ಯ ಒಳಗೇ ಓರೆಯಾಗಿ ಪೈಪಿನ ಗೋಡೆ ಕೆರೆದು, ಎಣ್ಣೆ ಬೆಳ್ಳಿ ಬಣ್ಣಕ್ಕೆ ತಿರುಗಿತು. ಮುಂದೆ ಅದೇ ಜಾಗಕ್ಕೆ ಪಿವಿಸಿ ಪೈಪಿನ ತುಂಡು. ಉದ್ದ ಮಾಡಿದಷ್ಟೂ ಒಳ್ಳೆಯದು ಅನ್ನುವ ಆಸೆಗೆ ನಾಲ್ಕು ಸೆಂ.ಮೀ. ಕೊಯ್ದೆ. ಮೇಲಿನ ಬೋಲ್ಟ್ ಕೈಯಿಂದ ಒತ್ತಿ ಒಂದು ಥ್ರೆಡ್ ಹಿಡಿಸುವಷ್ಟರಲ್ಲಿ ಜಾರಿ ಹಾರಿತು, ಛಾವಣಿಯ ತಗಡಿಗೆ ಬಡಿದು ಗಟಾರಕ್ಕೆ ಬಿತ್ತು. ಮುಖ ಆಚೆಗಿತ್ತು, ನನ್ನ ಪುಣ್ಯ. ಎರಡನೇ ಸಲ ಹಟಕ್ಕೆ ಬಿದ್ದು ಬಿಗಿದು ಥ್ರೆಡ್ ಕೆಡಿಸಿಕೊಂಡೆ. ಲೇಥ್‌ನವನಿಗೆ 150. ಗಾಡಿಯ ಮೂತಿ ಎತ್ತರವಾಯಿತು ನಿಜ, ಆದರೆ ಹಂಪ್ ಇಳಿದಾಗಲೆಲ್ಲ ಫೋರ್ಕ್ ಪೂರ್ತಿ ಬಿಚ್ಚಿಕೊಂಡು ಟಕ್ ಅನ್ನುವುದು, ಜೋರಾಗಿ ಬ್ರೇಕ್ ಹಿಡಿದರೆ ಮತ್ತೆ ಮೊದಲಿನಂತೆಯೇ ತಳ ಮುಟ್ಟುವುದು. ಬರೀ ಇಂಥ ತುಂಡು, ಅಂದರೆ ಸ್ಪೇಸರ್, ಹಾಕಿದರೆ ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆ, ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಇದು ತಲೆಗೆ ಹೋಗಲು ನನಗೆ ಸಾವಿರದ ಆರುನೂರು ರೂಪಾಯಿ ಬೇಕಾಯಿತು.

ಅಲ್ಲಿಂದ ಕೊಯ್ಯುವ ವಿಚಾರ ಬಂತು. ಒಂದೇ ತಂತಿ, ಒಂದೇ ದಪ್ಪ. ಭಾರ ಬಿದ್ದರೆ ಒಂದೊಂದು ಸುತ್ತೂ ಮೊದಲಿನಷ್ಟೇ ಕುಗ್ಗುತ್ತದೆ, ಸುತ್ತೇ ಕಮ್ಮಿಯಾದರೆ ಒಟ್ಟು ಕುಗ್ಗುವುದು ಕಡಿಮೆ. ಕಾರಿನವರು ಕೊಯ್ದು ಗಾಡಿ ತಗ್ಗಿಸುತ್ತಾರಲ್ಲ, ಅದನ್ನು ನೋಡಿಯೇ ಚಾಚಾ ನಕ್ಕದ್ದು. ಅವರು ಕೊಯ್ದ ಉದ್ದವನ್ನು ತುಂಬಿಕೊಡುವುದಿಲ್ಲ, ಅದಕ್ಕೇ ಗಾಡಿ ಕೂಡುತ್ತದೆ. ನಾನು ಕೊಯ್ದಷ್ಟು ಸ್ಪೇಸರ್ ಹಾಕುವವನಿದ್ದೆ.

ಗುಜರಿಯಲ್ಲಿ ಒರಿಜಿನಲ್ ಸ್ಪ್ರಿಂಗ್ ಒಂದು ಜೋಡಿ 400ಕ್ಕೆ ಸಿಕ್ಕಿತು. ಗೋಕುಲ ರಸ್ತೆ ಕಡೆ ಒಬ್ಬ ವೆಲ್ಡರ್ ಗ್ಯಾಸ್ ಹಚ್ಚಿ ಎರಡು ನಿಮಿಷಕ್ಕೆ ಕೊಯ್ದು ಕೊಟ್ಟ, ನಾನೂ ಸುಮ್ಮನೆ ನಿಂತು ನೋಡಿದೆ. ತುದಿಯ ಮೂರು ನಾಲ್ಕು ಸುತ್ತು ನೀಲಿಗಟ್ಟಿದವು. ಹದ ಹೋಯಿತು ಅಂತ ಆಗಲೇ ತಿಳಿಯಬೇಕಿತ್ತು. ಹಾಕಿ ಓಡಿಸಿದ ನಾಲ್ಕೇ ದಿನಕ್ಕೆ ಆ ಸುತ್ತುಗಳು ಒಂದಕ್ಕೊಂದು ಅಂಟಿ ಕೂತವು. ಚಾಚಾ ಎರಡನೇ ಸಲ ನಕ್ಕದ್ದು ಆಗ.

ಉಳಿದದ್ದು ಗಾಡಿಯ ಜತೆ ಬಂದ ಹಳೇ ಜೋಡಿ ಮಾತ್ರ. ಕೆಟ್ಟರೆ ಕೆಟ್ಟಿತು ಅಂತ ಮನೆಯಲ್ಲೇ ಕಟಿಂಗ್ ವ್ಹೀಲ್ ಹಿಡಿದೆ. ಎರಡು ಸೆಕೆಂಡು ಕೊಯ್ಯುವುದು, ನೀರಿನ ಬಕೆಟ್ಟಿಗೆ ಅದ್ದುವುದು, ಮತ್ತೆ ಎರಡು ಸೆಕೆಂಡು. ಬೆರಳಿಟ್ಟರೆ ಸುಡಬಾರದು, ಅದೇ ಅಳತೆ. ಸುಮಾರು 48 ಸುತ್ತಿನ ಸ್ಪ್ರಿಂಗ್, ಆರು ತೆಗೆದೆ. ಕೊಯ್ದ ತುದಿಗೆ ಚಪ್ಪಟೆ ತಳ ಇರುವುದಿಲ್ಲ, ಸುಮ್ಮನೆ ಇಟ್ಟರೆ ಓರೆ ಕೂಡುತ್ತದೆ. ಅದಕ್ಕೊಂದು ಉಪಾಯ ಮಾಡಿದೆ, ಅದು ನನ್ನ ಹತ್ತಿರವೇ ಇರಲಿ. ಕಾಯಿಸಿ ಮಾಡಿದ್ದಲ್ಲ ಅಂತಷ್ಟೇ ಹೇಳುತ್ತೇನೆ.

ಕೊಯ್ಯುವವರು ಒಂದು ಲೆಕ್ಕ ಮಾತ್ರ ಬಿಡಬೇಡಿ. ಸುತ್ತುಗಳ ನಡುವಿನ ಸಂದು ಎಲ್ಲ ಕೂಡಿಸಿದರೆ, ಫೋರ್ಕ್ ಕುಗ್ಗುವ ಒಟ್ಟು ಉದ್ದ, ಬೋಲ್ಟ್ ಬಿಗಿಯುವಾಗ ಮೊದಲೇ ಒತ್ತಿಟ್ಟದ್ದು, ಎರಡೂ ಕೂಡಿದ್ದಕ್ಕಿಂತ ಜಾಸ್ತಿ ಉಳಿಯಬೇಕು. ನನ್ನದರಲ್ಲಿ ಸಂದು ನಾಲ್ಕು ಮಿ.ಮೀ., 42 ಸುತ್ತು, ಅಂದರೆ 168ರ ಸಮೀಪ. ಕುಗ್ಗುವುದು 110ರ ಸುಮಾರು, ಒತ್ತಿಟ್ಟದ್ದು 30. ಇನ್ನೂ ಜಾಗ ಇದೆ. ಈ ಲೆಕ್ಕ ತಪ್ಪಿದರೆ ಸುತ್ತಿಗೆ ಸುತ್ತು ತಾಗಿ ಪೈಪು ಒಂದೇ ಕೋಲಾಗುತ್ತದೆ.

ಚಾಚಾಗೆ ತೋರಿಸಬೇಕಲ್ಲ, ಪುರಾವೆ ಬೇಕಿತ್ತು. ಮನೆಯಾಕೆ ತೂಕ ನೋಡಿಕೊಳ್ಳುವ ಯಂತ್ರವನ್ನು ಬಾಗಿಲ ಸಂದಿಗಿಟ್ಟು, ಸ್ಪ್ರಿಂಗಿನೊಳಗೆ ಒಂದು ಸಲಾಕಿ ತೂರಿಸಿ, ಮೇಲಿಂದ ಕಾರಿನ ಜ್ಯಾಕ್ ಹಚ್ಚಿ 50 ಮಿ.ಮೀ. ಒತ್ತಿದೆ. "ರೀ, ಅದಕ್ಕ ಎಣ್ಣಿ ಹತ್ತಿದ್ರ ನೋಡ್ರಿ ಮತ್ತ" ಅಂತ ಒಳಗಿಂದ ಕೂಗು. ಕೊಯ್ಯುವ ಮುಂಚೆ 25–26 ಕಿಲೋ ತೋರಿಸಿದ್ದು ಕೊಯ್ದ ಮೇಲೆ 29ರ ಹತ್ತಿರ ನಿಂತಿತು. ಎಣ್ಣೆ ಹತ್ತಿತು ಕೂಡ.

ಸ್ಪೇಸರ್‌ಗೆ ಈ ಸಲ ಪಿವಿಸಿ ಬಿಟ್ಟು ಅಲ್ಯೂಮಿನಿಯಂ ಪೈಪು, ಲೇಥಿನಲ್ಲಿ ಎರಡೂ ಒಂದೇ ಅಳತೆಗೆ, ಸುಮಾರು 58 ಮಿ.ಮೀ., ಜೋಡಿಗೆ 160. ನಡುವೆ ಒಂದು ವಾಷರ್, ಇಲ್ಲದಿದ್ದರೆ ಸ್ಪ್ರಿಂಗ್ ಅಲ್ಯೂಮಿನಿಯಂ ತಿನ್ನುತ್ತದೆ. ಅಳತೆಗೆ ಫೋರ್ಕ್ ಪೈಪಿಗೆ ಒಂದು ಕೇಬಲ್ ಟೈ ಸಡಿಲಾಗಿ ಕಟ್ಟಿ, ಮಗನಿಗೆ ಗಾಡಿ ಹಿಡಿಸಿ ಮೇಲೆ ಕೂತು ಇಳಿದೆ. ಮೊದಲು ನಾನು ಕೂತರೆ 52 ಮಿ.ಮೀ. ಕೂಡುತ್ತಿತ್ತು, ಅಂದರೆ ಫೋರ್ಕ್ ಕುಗ್ಗುವ ಉದ್ದದಲ್ಲಿ ಅರ್ಧ ಮನೆ ಬಾಗಿಲಲ್ಲೇ ಮುಗಿದ ಹಾಗೆ. ಈಗ 34. ಮೂರರಲ್ಲೊಂದು ಪಾಲು, ಅಷ್ಟೇ ಇರಬೇಕು.

ಎಣ್ಣೆಯ ವಿಷಯಕ್ಕೆ ಮತ್ತೆ ಬಂದೆ. ಕಾರಿನ ಪವರ್ ಸ್ಟೀರಿಂಗ್ ಎಣ್ಣೆ, ತೆಳ್ಳನೆಯದು, ಬರೀ ಹಾಕಿದರೆ ಗಾಡಿ ದೋಣಿ, 20ಡಬ್ಲ್ಯು40 ಬರೀ ಹಾಕಿದರೆ ಎತ್ತಿನ ಬಂಡಿ. ಎರಡನ್ನೂ ಕೂಡಿಸಿ ಏಳು ಎಂಟು ಸಲ ಬದಲಿಸಿದೆ, ಯಾವುದು ಎಷ್ಟು ಅಂತ ಕೇಳಬೇಡಿ. ಜ್ಯಾಕಿನ ಎಣ್ಣೆಯನ್ನೂ ಬಿಡಲಿಲ್ಲ. ಬೆಳಗಿನ ಚಳಿಗೆ ಒಂದು ಥರ, ಏಪ್ರಿಲ್ ಮಧ್ಯಾಹ್ನ ಇನ್ನೊಂದು ಥರ. ಸುರಿಯುವಾಗ ಎಂಎಲ್ ಲೆಕ್ಕ ನಂಬಬೇಡಿ, ಒಳಗೆ ಹಳೆಯದು ಉಳಿದಿರುತ್ತದೆ. ಸ್ಪ್ರಿಂಗ್ ಹೊರಗಿಟ್ಟು, ಫೋರ್ಕ್ ಪೂರ್ತಿ ಕುಗ್ಗಿಸಿ, ಮೇಲಿನ ಅಂಚಿನಿಂದ ಎಣ್ಣೆ ಎಷ್ಟು ಕೆಳಗಿದೆ ಅಂತ ಸ್ಕೇಲ್ ಇಳಿಸಿ ನೋಡಬೇಕು. 10 ಎಂಎಲ್ ಜಾಸ್ತಿಯಾದರೆ ಹೆಬ್ಬೆರಳಗಲ ಏರುತ್ತದೆ, ಮೇಲಿನ ಗಾಳಿಯ ಜಾಗ ಅಷ್ಟು ಕಮ್ಮಿ. ಆ ಗಾಳಿಯೇ ಕೊನೆಯ ಎರಡು ಸೆಂ.ಮೀ.ನಲ್ಲಿ ಇನ್ನೊಂದು ಸ್ಪ್ರಿಂಗಿನ ಹಾಗೆ ದುಡಿಯುತ್ತದೆ. ಢಬ್ ಅನ್ನುವುದು ಪೂರ್ತಿ ನಿಂತದ್ದು ಇದರಿಂದ. ಅತಿಯಾಸೆಗೆ ತುಂಬಿದರೆ ಸೀಲ್ ಉಗುಳುತ್ತದೆ, ನನಗೆ ಒಂದು ಜೋಡಿ ಹೋಯಿತು.

ಇಷ್ಟಾದರೂ ಸಣ್ಣ ತಗ್ಗಿಗೆ ಫೋರ್ಕ್ ಅಲ್ಲಾಡುತ್ತಲೇ ಇರಲಿಲ್ಲ. ಒಂದು ವಾರ ತಲೆ ಕೆಟ್ಟಿತು. ಪೈಪು ಬಾಗಿದೆಯೋ ಅಂತ ಬಿಚ್ಚಿ ಟೀಪಾಯಿ ಗಾಜಿನ ಮೇಲೆ ಉರುಳಿಸಿದೆ, ನೆಟ್ಟಗಿದ್ದವು. ಕಡೆಗೆ ನೋಡಿದರೆ ನನ್ನದೇ ತಪ್ಪು: ಗಾಲಿ ಕೂಡಿಸಿದವನೇ ಆ್ಯಕ್ಸಲ್ ನಟ್ ಬಿಗಿದುಬಿಟ್ಟಿದ್ದೆ, ಎರಡು ಕಾಲು ಒಂದಕ್ಕೊಂದು ಜಗ್ಗಾಡುತ್ತಿದ್ದವು. ನಟ್ ಸಡಿಲಿಸಿ, ಹ್ಯಾಂಡಲ್ ಮೇಲೆ ಹತ್ತು ಸಲ ಭಾರ ಹಾಕಿ ಕುಣಿಸಿ, ಆಮೇಲೆ ಬಿಗಿದೆ. ಖರ್ಚು ಸೊನ್ನೆ.

ಎಲ್ಲ ಸೇರಿ ಎರಡೂವರೆ ಸಾವಿರದ ಮೇಲೆ ಸ್ವಲ್ಪ ಹೋಗಿರಬೇಕು, ಅದರಲ್ಲಿ ಕೆಲಸಕ್ಕೆ ಬಂದದ್ದು ಏಳುನೂರು. ಪೂರ್ತಿ ಫೋರ್ಕ್ ಬದಲಿಸಲು ಒಬ್ಬರು ಒಂಬತ್ತು ಸಾವಿರ ಹೇಳಿದ್ದರು.

ಚಾಚಾ ಉಣಕಲ್‌ನಿಂದ ಬಂದು ಗಾಡಿ ಸ್ಟ್ಯಾಂಡ್ ಹಾಕಿದರು, ಬಗ್ಗಿ ಎರಡೂ ಕಾಲು ನೋಡಿದರು. ಮುಂದಿನ ಬ್ರೇಕ್ ಹಿಡಿದು ಒಂದು ಸಲ ಒತ್ತಿದರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಎಡಗಡಿ ಸೀಲ್ ಬೆವರಾಕತ್ತೇದ ನೋಡ್ರಿ" ಅಂದರು. ನಿಜವೇ, ನಾಣ್ಯ ಹಾಕಿದ ಕಾಲದ ಪುಡಿ ಎಲ್ಲೋ ಉಳಿದಿರಬೇಕು, ಮಳೆಗಾಲ ಮುಗಿದ ಮೇಲೆ ಬಿಚ್ಚುತ್ತೇನೆ. ಚಹಾ ಬಂತು. ಕುಡಿಯುತ್ತ ಕುಡಿಯುತ್ತ, ಬೇರೆ ಕಡೆ ನೋಡುತ್ತ ಕೇಳಿದರು: "ಸರ, ಆರ ಸುತ್ತ ಅಂದ್ರೆಲ್ಲ, ಮ್ಯಾಲಿನ ತುದಿನೋ ಕೆಳಗಿಂದೋ?"