ಅಡ್ಮಿನಿಸ್ಟ್ರೇಟರ್ ಅನುಮತಿಯ ಪೆಟ್ಟಿಗೆ: ಮುಚ್ಚಿಸುವ ಮೊದಲು

ವಿಂಡೋಸ್ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಹೊರಟಾಗ ಪರದೆ ಮಬ್ಬಾಗಿ, ಬದಲಾವಣೆಗೆ ಒಪ್ಪಿಗೆಯೇ ಎಂದು ಕೇಳುವ ಪೆಟ್ಟಿಗೆಯೊಂದು ಮೂಡುತ್ತದೆ. 2007ರಲ್ಲಿ ವಿಸ್ಟಾದೊಡನೆ ಬಂದ ಈ ಯೂಸರ್ ಅಕೌಂಟ್ ಕಂಟ್ರೋಲ್ (ಯುಎಸಿ, UAC) ಆಗ ಮಾತುಮಾತಿಗೂ ಅಡ್ಡ ಬರುತ್ತಿತ್ತು; 2009ರ ವಿಂಡೋಸ್ 7ರಲ್ಲಿ ಅದಕ್ಕೆ ನಾಲ್ಕು ಹಂತಗಳನ್ನು ಕೊಡಲಾಯಿತು. ಸ್ಟಾರ್ಟ್ ಮೆನುವಿನಲ್ಲಿ UAC ಎಂದು ಹುಡುಕಿದರೆ ಆ ಹಂತಗಳನ್ನು ಬದಲಿಸುವ ಸ್ಲೈಡರ್ ಸಿಗುತ್ತದೆ.

ಸ್ಲೈಡರನ್ನು ಮೇಲಿನಿಂದ ಎರಡನೆಯ ಹಂತದಲ್ಲೇ ಬಿಡುವುದು ಒಳ್ಳೆಯದು. ಮೂರನೆಯದು ಪರದೆಯನ್ನು ಮಬ್ಬಾಗಿಸುವುದಿಲ್ಲ ಅಷ್ಟೇ ಎಂದು ತೋರಿದರೂ, ಆ ಮಬ್ಬು ಬರಿಯ ಅಲಂಕಾರವಲ್ಲ: ಪೆಟ್ಟಿಗೆ ಪ್ರತ್ಯೇಕ ಪರದೆಯಲ್ಲಿ ತೆರೆದುಕೊಳ್ಳುವುದರಿಂದ, ಬೇರೆ ಪ್ರೋಗ್ರಾಂ ನಿಮ್ಮ ಪರವಾಗಿ 'ಯೆಸ್' ಒತ್ತಲು ಆಗುವುದಿಲ್ಲ. ಪೆಟ್ಟಿಗೆಯೇ ಬಾರದಂತೆ ಮಾಡುವ ಕೊನೆಯ ಹಂತ ಯಾರಿಗೂ ಬೇಡ.

ಪೆಟ್ಟಿಗೆ ಬಂದಾಗ ಮೊದಲು ನೋಡಬೇಕಾದದ್ದು ಪಬ್ಲಿಷರ್, ಅಂದರೆ ತಂತ್ರಾಂಶ ಹೊರತಂದವರ ಹೆಸರನ್ನು. ವಿಂಡೋಸ್ 10 ಮತ್ತು 11ರಲ್ಲಿ ಮೇಲ್ಪಟ್ಟಿ ನೀಲಿಯಾಗಿದ್ದರೆ ಅವರ ಗುರುತನ್ನು ತೋರಿಸುವ ಡಿಜಿಟಲ್ ಸಹಿ ಪರಿಶೀಲನೆಯಾಗಿದೆ ಎಂದರ್ಥ. ಹಳದಿಯಾಗಿದ್ದು ಪಬ್ಲಿಷರ್ 'ಅನ್‌ನೋನ್' ಎಂದಿದ್ದರೆ, 'ಶೋ ಮೋರ್ ಡೀಟೇಲ್ಸ್' ಒತ್ತಿ ಫೈಲು ಯಾವ ಫೋಲ್ಡರಿನಿಂದ ಬರುತ್ತಿದೆ ಎಂದು ಓದಿ. ಸಹಿಯಿದ್ದ ಮಾತ್ರಕ್ಕೆ ಪ್ರೋಗ್ರಾಂ ಒಳ್ಳೆಯದೆಂದೇನೂ ಅಲ್ಲ. ನೀವು ಏನನ್ನೂ ತೆರೆಯದೆ ಪೆಟ್ಟಿಗೆ ತಾನಾಗಿ ಬಂದಿದ್ದರೆ 'ನೋ' ಒತ್ತಿ; ನಿಜಕ್ಕೂ ಬೇಕಾದ ಕೆಲಸವಾಗಿದ್ದರೆ ಮತ್ತೆ ಆರಂಭಿಸಬಹುದು.

ಮನೆಯವರೆಲ್ಲ ಬಳಸುವ ಕಂಪ್ಯೂಟರಿಗೆ ನಿಜವಾದ ಪರಿಹಾರ ಎರಡು ಖಾತೆಗಳು. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಹೊಸ ಖಾತೆಯೊಂದನ್ನು ಸೇರಿಸಿ, ಅದನ್ನು ಪೂರ್ಣ ಅಧಿಕಾರದ ಅಡ್ಮಿನಿಸ್ಟ್ರೇಟರ್ ಮಾಡಿ, ಒಮ್ಮೆ ಅದರಿಂದ ಸೈನ್ ಇನ್ ಆಗಿ ಪಾಸ್‌ವರ್ಡ್ ಸರಿಯಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ದಿನಬಳಕೆಯ ಖಾತೆಯನ್ನು ಸೀಮಿತ ಅಧಿಕಾರದ ಸ್ಟ್ಯಾಂಡರ್ಡ್‌ಗೆ ಇಳಿಸಿ. ಈ ಕ್ರಮ ತಪ್ಪಬಾರದು. ಆಮೇಲೆ ಪೆಟ್ಟಿಗೆ ಬರಿಯ 'ಯೆಸ್' ಬದಲು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ; ಓದದೆ ಒತ್ತುವ ಕೈ ಅಲ್ಲಿ ನಿಲ್ಲುತ್ತದೆ.

ಒಂದೇ ಪ್ರೋಗ್ರಾಂ ತೆರೆದಾಗಲೆಲ್ಲ ಅನುಮತಿ ಕೇಳುತ್ತಿದ್ದರೆ, ಅದರ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ನಡೆಸುವ ಆಯ್ಕೆಗೆ ಹಿಂದೆಂದೋ ಟಿಕ್ ಬಿದ್ದಿದೆಯೇ ನೋಡಿ, ಇದ್ದರೆ ತೆಗೆಯಿರಿ. ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಆ ಪ್ರೋಗ್ರಾಂ ಅನ್ನು ಅತ್ಯುನ್ನತ ಅಧಿಕಾರದೊಂದಿಗೆ ನಡೆಸುವಂತೆ ಹೊಂದಿಸಿಯೂ ಪೆಟ್ಟಿಗೆಯನ್ನು ತಪ್ಪಿಸಬಹುದು. ಆದರೆ ಆ ಫೈಲು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿದ್ದರೆ ಮಾತ್ರ ಹೀಗೆ ಮಾಡಿ. ಡೌನ್‌ಲೋಡ್ಸ್‌ನಂಥ ಜಾಗದಲ್ಲಿದ್ದರೆ ಯಾವುದೇ ಸಾಮಾನ್ಯ ಪ್ರೋಗ್ರಾಂ ಅದನ್ನು ಬದಲಿಸಿ, ಕೇಳದೆಯೇ ಪೂರ್ಣ ಅಧಿಕಾರ ಪಡೆಯಬಲ್ಲದು.