ಊರ ಕಲೆಗೆ ಸರ್ಕಾರದ ರೊಕ್ಕ ಕೇಳೋದು ಹೆಂಗ?

ಕಲಬುರಗಿ, ಬೀದರ್, ಯಾದಗಿರಿ ಕಡೆ ದೊಡ್ಡಾಟದವ್ರು, ಮೊಹರಂ ಪದ ಹಾಡೋರು, ತತ್ವಪದದವ್ರು ಭಾಳ ಮಂದಿ ಅದಾರ. ಆದ್ರ "ಕಲೆ ಉಳಸ್ರಿ, ಅನುದಾನ ಕೊಡ್ರಿ" ಅಂತ ಸ್ಟೇಜ್ ಮ್ಯಾಲ ನಿಂತು ಹೇಳಿದ್ರ ಯಾರೂ ಕೊಡಂಗಿಲ್ರಿ, ಯಾಕಂದ್ರ ಯಾವ ಕೆಲಸ, ಎಲ್ಲಿ, ಎಷ್ಟು ರೊಕ್ಕ ಅಂತ ಫೈಲ್‌ನ್ಯಾಗ ಬರೀಲಾಕ ಏನೂ ಸಿಗಂಗಿಲ್ಲ.

ಅದಕ್ಕ ಮೊದಲು ಒಂದೇ ಕೆಲಸ ಹಿಡೀರಿ. ಅರ್ಜಿಯೊಳಗ ಹಿಂಗ ಬರೀರಿ: "ಹನುಮಾನ ಗುಡಿ ಮುಂದಿನ ಬಯಲಾಟದ ಕಟ್ಟಿ ಮ್ಯಾಲ ತಗಡಿನ ಛಾವಣಿ, ಎರಡು ಲೈಟ್, ಹೆಣ್ಮಕ್ಕಳು ವೇಷ ಹಾಕ್ಕೊಳ್ಳಾಕ ಒಂದು ಖೋಲಿ." ಜಾಗ ಯಾರ ಹೆಸರಿಗೆ ಅದ ಅನ್ನೋ ಕಾಗದ, ಫೋಟೋ, ಊರಾಗಿನ ಮಿಸ್ತ್ರಿ ಕೈಲೆ ಬರೆಸಿದ ಅಂದಾಜು ಖರ್ಚು ಜೋಡಸ್ರಿ. ಕೊಟ್ಟ ಮ್ಯಾಲ ನಿಮ್ಮ ಕಾಪಿ ಮ್ಯಾಲ ಸೀಲು, ತಾರೀಖು ಹಾಕಿಸ್ಕೊಂಡೇ ಬರ್ರಿ, ಇದನ್ನ ಮಾತ್ರ ಬಿಡಬ್ಯಾಡ್ರಿ.

ಹಳ್ಳಿಯವ್ರಾದ್ರ ಗ್ರಾಮಸಭಾಕ್ಕ ಹೋಗ್ರಿ. ಆರು ತಿಂಗಳಿಗೊಮ್ಮೆ ಆದ್ರೂ ಅದು ನಡೀಬೇಕಂತ ಕಾಯ್ದೆ ಅದ, ಮುಂದಿನ ವರ್ಷದ ಕ್ರಿಯಾ ಯೋಜನೆ ತಯಾರಾಗೋ ಹೊತ್ತಿನ ಸಭಾ ತಪ್ಪಿಸ್ಕೋಬ್ಯಾಡ್ರಿ, ರೊಕ್ಕ ಹಂಚಿ ಆದ ಮ್ಯಾಲ ಕೇಳಿದ್ರ ಏನ್ ಬಂತು. ಕಲಾವಿದ್ರು ಒಬ್ರೇ ಹೋದ್ರ ಮಾತು ಮುಳುಗಿ ಹೋಗ್ತದ. ಮಹಿಳಾ ಸಂಘದ ಅಕ್ಕೋರು, ಸಾಲಿ ಮಾಸ್ತರು, ಹುಡುಗ್ರು ಎಲ್ಲರನ್ನೂ ಕರಕೊಂಡು ಹೋಗ್ರಿ. ಅಧ್ಯಕ್ಷರು "ಆಯ್ತು ನೋಡೋಣ್ರಿ" ಅಂದ್ರ ಎದ್ದು ಬರಬ್ಯಾಡ್ರಿ. "ಸಾಹೇಬ್ರ, ಠರಾವಿನ್ಯಾಗ ಬರೀರಿ, ಓದಿ ಹೇಳ್ರಿ" ಅಂತ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಅವ್ರಿಗಿ ಮರ್ಯಾದಿಲೆ ಕೇಳ್ರಿ, ನಡಾವಳಿ ಪುಸ್ತಕದಾಗ ಇಲ್ಲದ್ದು ಆಮ್ಯಾಲ ಹೇಳಿದ್ರ ನಡಿಯಂಗಿಲ್ಲ.

ದೊಡ್ಡ ಕೆಲಸ, ಅಂದ್ರ ತಾಲೂಕಿಗೊಂದು ರಂಗಮಂದಿರ ಬೇಕಂದ್ರ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅದ ಅಲ್ರಿ. ಈ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371(ಜೆ) ಕಲಮು ಹೋರಾಟ ಮಾಡಿ ತಗೊಂಡಿದ್ದು, 7 ಜಿಲ್ಲಾದ ಮಂದಿಯ ಹಕ್ಕಿನ ರೊಕ್ಕ ಅದು, ರೋಡು ಚರಂಡಿಗಷ್ಟೇ ಅಂತ ಯಾಕ ಅನ್ಕೋಬೇಕು? ಕೆಲಸದ ಪಟ್ಟಿ ಮಾಡೋವಾಗ ಶಾಸಕರ ಮಾತು ನಡೀತದ, ಹಂಗಾಗಿ ಅವ್ರಿಗಿ ಅರ್ಜಿ ಮೊದಲೇ ಕೊಡ್ರಿ. ವೇಷಭೂಷಣ, ವಾದ್ಯ, ಕಾರ್ಯಕ್ರಮದ ಖರ್ಚಿಗಾದ್ರ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಹಾಯಕ ನಿರ್ದೇಶಕರ ಆಫೀಸಿನ್ಯಾಗ ವಿಚಾರಸ್ರಿ. ನಿಮ್ಮ ಕಲಾ ಸಂಘದ ನೋಂದಣಿ, ಆಡಿಟ್ ವರದಿ, ಬ್ಯಾಂಕ್ ಪಾಸ್‌ಬುಕ್ ಮೊದಲೇ ತಯಾರಿಟ್ಕೋರಿ, ಅರ್ಜಿ ಕರೆದಾಗ ಓಡ್ಯಾಡ್ಲಾಕ ಟೈಮ್ ಸಿಗಂಗಿಲ್ಲ.

ಇಷ್ಟ ಮಾಡಿದ್ರೂ ಉತ್ತರ ಬರಲಿಲ್ಲಂದ್ರ ಮಾಹಿತಿ ಹಕ್ಕು ಕಾಯ್ದೆ ಅದ. 10 ರೂಪಾಯಿ ಫೀ, ಒಂದೇ ವಿಷಯ, 150 ಶಬ್ದದೊಳಗ ಬರೀಬೇಕು. "ನನ್ನ ಅರ್ಜಿ ಮ್ಯಾಲ ಯಾರು ಏನು ಷರಾ ಬರೆದಾರ, ಅದರ ನಕಲು ಕೊಡ್ರಿ" ಅಂತ ಕೇಳ್ರಿ. 30 ದಿನದಾಗ ಉತ್ತರ ಕೊಡಬೇಕು, ಕೊಡಲಿಲ್ಲಂದ್ರ ಉತ್ತರ ಕೊಡಬೇಕಾದವ್ರ ಮ್ಯಾಲಿನ ಅಧಿಕಾರಿಗೆ ಮೊದಲನೇ ಮೇಲ್ಮನವಿ ಹಾಕ್ರಿ.